ಕಾಲೇಜಿನಲ್ಲಿ ಮಗಳ ಮೇಲೆ ದೌರ್ಜನ್ಯ ನಡೆದರೆ: ಚಿಕಿತ್ಸೆ ಎಲ್ಲಿ, ದೂರು ಯಾರಿಗೆ?

ಭಾನುವಳ್ಳಿಯಂಥ ಊರುಗಳಿಂದ ಬೆಳಿಗ್ಗೆ ಹರಿಹರದ ಬಸ್ಸು ಹತ್ತಿ, ಅಲ್ಲಿಂದ ದಾವಣಗೆರೆಯ ಕಾಲೇಜುಗಳಿಗೆ, ತೋಳಹುಣಸೆಯ ವಿಶ್ವವಿದ್ಯಾನಿಲಯಕ್ಕೆ ಹೋಗಿ ಓದುವ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚೂ ಇಲ್ಲ. ಅಲ್ಲಿ ಯಾರಾದರೂ ಅವಳ ಮೈಮೇಲೆ ಕೈಹಾಕಿದರೆ, ಅಂಕದ ಹೆಸರಿನಲ್ಲಿ ಬೆದರಿಸಿದರೆ, ಬಲಾತ್ಕಾರವನ್ನೇ ನಡೆಸಿದರೆ ಏನು ಮಾಡಬೇಕೆಂದು ಮಾತ್ರ ಮನೆಯಲ್ಲಿ ಮಾತಾಡುವುದಿಲ್ಲ. ಹುಡುಗಿ ಬಾಯಿ ಬಿಡದಿರುವುದಕ್ಕೆ ನಾಚಿಕೆಯೊಂದೇ ಕಾರಣವಲ್ಲ. ಹೇಳಿದರೆ ನಾಳೆಯಿಂದ ಓದು ನಿಲ್ಲಿಸುತ್ತಾರೆ, ಬೇಗ ನಿಕಾಹ್ ಮಾಡಿಬಿಡುತ್ತಾರೆ ಎಂಬ ಭಯ ಅದಕ್ಕಿಂತ ದೊಡ್ಡದು.

ಈ ಭಯ ಹುಟ್ಟಿಸುವುದು ಮನೆಯೊಂದೇ ಅಲ್ಲ. 2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅದರ ಬೆನ್ನಲ್ಲೇ ಮೈಸೂರು ವಿಶ್ವವಿದ್ಯಾನಿಲಯ ಹೊರಡಿಸಿದ ಸುತ್ತೋಲೆ ಏನು ಹೇಳಿತು? ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯಲ್ಲಿ ಒಂಟಿಯಾಗಿ ಓಡಾಡಬಾರದು ಎಂದು. ಗಂಡುಮಕ್ಕಳಿಗೆ ಅಂಥ ಮಾತಿರಲಿಲ್ಲ. ಟೀಕೆ ಬಂದ ಮೇಲೆ ಅದನ್ನು ಹಿಂಪಡೆದರು. ವಿಶ್ವವಿದ್ಯಾನಿಲಯಕ್ಕೇ ಮೊದಲು ಹೊಳೆದದ್ದು ಹುಡುಗಿಯನ್ನು ಒಳಗೆ ಕೂರಿಸುವುದಾದರೆ ಮನೆಯವರಿಗೂ ಹಾಗೇ ಅನ್ನಿಸುವುದು ಆಶ್ಚರ್ಯವಲ್ಲ.

ಇನ್ನು ಆರೋಗ್ಯದ ವಿಷಯ. ಇಲ್ಲಿ ಗಂಟೆಗಳ ಲೆಕ್ಕವಿದೆ.

ಅತ್ಯಾಚಾರಕ್ಕೊಳಗಾದವಳಿಗೆ ತಕ್ಷಣ ಅನ್ನಿಸುವುದು ಸ್ನಾನ ಮಾಡಬೇಕು ಎಂದು. ನಮ್ಮ ಮನೆಗಳಲ್ಲಿ ಗುಸ್ಲ್‌ನ ಯೋಚನೆಯೂ ಸೇರಿ ಆ ಆತುರ ಇನ್ನೂ ಹೆಚ್ಚುತ್ತದೆ. ಸಾಧ್ಯವಾದರೆ ಆಸ್ಪತ್ರೆಯ ಪರೀಕ್ಷೆ ಮುಗಿಯುವ ತನಕ ಸ್ನಾನ ಬೇಡ, ಬಟ್ಟೆ ಒಗೆಯುವುದು ಬೇಡ. ಬಟ್ಟೆ ಬದಲಿಸಿದ್ದರೆ ಹಳೆಯದನ್ನು ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ತೇವ ಕಟ್ಟಿ ಕುರುಹು ಹಾಳಾಗುತ್ತದೆ. ಸ್ನಾನ ಆಗಿಹೋಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಚಿಕಿತ್ಸೆಗೂ ಸ್ನಾನಕ್ಕೂ ಸಂಬಂಧವಿಲ್ಲ. ಎಚ್ಐವಿ ತಡೆಯುವ ಔಷಧ ಬೇಗ ಶುರುವಾದಷ್ಟೂ ಒಳ್ಳೆಯದು; 72 ಗಂಟೆ ದಾಟಿದರೆ ಪ್ರಯೋಜನವಿಲ್ಲ, ಶುರುಮಾಡಿದರೆ 28 ದಿನ ಪೂರ್ತಿ ತೆಗೆದುಕೊಳ್ಳಬೇಕು. ಗರ್ಭ ನಿಲ್ಲದಂತೆ ಕೊಡುವ ತುರ್ತು ಮಾತ್ರೆಯೂ 72 ಗಂಟೆಯೊಳಗೆ ಹೆಚ್ಚು ಪರಿಣಾಮಕಾರಿ. ಅದು ಅಂಡಾಣು ಬಿಡುಗಡೆಯನ್ನು ತಡೆಯುತ್ತದೆ ಅಥವಾ ಮುಂದೂಡುತ್ತದೆ, ಆಗಲೇ ನಿಂತ ಗರ್ಭವನ್ನು ತೆಗೆಯುವುದಿಲ್ಲ. ಇದನ್ನು ಗರ್ಭಪಾತವೆಂದು ತಿಳಿದು ಹಿಂಜರಿಯುವ ತಾಯಂದಿರಿದ್ದಾರೆ. ಗಾಯಗಳಿದ್ದರೆ ಟಿಟಿ ಇಂಜೆಕ್ಷನ್, ಹೆಪಟೈಟಿಸ್ ಬಿ ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಿ.

ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ, ಹರಿಹರದಲ್ಲಿ ತಾಲ್ಲೂಕು ಆಸ್ಪತ್ರೆಯಿದೆ. ಖಾಸಗಿ ಆಸ್ಪತ್ರೆಯಾದರೂ ಸರಿ, ಅತ್ಯಾಚಾರಕ್ಕೊಳಗಾದವಳಿಗೆ ಪ್ರಥಮ ಚಿಕಿತ್ಸೆಯನ್ನು ಕೂಡಲೇ, ಉಚಿತವಾಗಿ ಕೊಡಲೇಬೇಕು, ನಿರಾಕರಿಸುವುದು ಅಪರಾಧ. ಮೊದಲು ಠಾಣೆಗೆ ಹೋಗಿ ಚೀಟಿ ತನ್ನಿ ಎಂದು ಕಳುಹಿಸುವಂತಿಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಅದು ಅವರ ಕರ್ತವ್ಯ. ಆದರೆ ದೇಹಪರೀಕ್ಷೆಗೆ ಒಪ್ಪುವುದು ಬಿಡುವುದು ಅವಳಿಗೆ ಬಿಟ್ಟದ್ದು, ಬೇಡವೆಂದರೂ ಚಿಕಿತ್ಸೆ ನಿಲ್ಲಬಾರದು. ವೈದ್ಯೆಯೇ ಬೇಕೆಂದು ಕೇಳಬಹುದು. ಪುರುಷ ವೈದ್ಯರೇ ಇದ್ದರೆ ಪಕ್ಕದಲ್ಲಿ ಮಹಿಳಾ ಸಿಬ್ಬಂದಿ ಇರಲೇಬೇಕು. 'ಎರಡು ಬೆರಳಿನ ಪರೀಕ್ಷೆ' ಎಂಬ ಅವಮಾನವನ್ನು ಯಾರೂ ಮಾಡುವಂತಿಲ್ಲ, 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೊಮ್ಮೆ ಖಡಾಖಂಡಿತವಾಗಿ ಹೇಳಿದೆ.

ಎಲ್ಲಿಗೆ ಹೋಗಬೇಕೆಂದೇ ತೋಚದಿದ್ದರೆ 181ಕ್ಕೆ ಕರೆಮಾಡಿ. ಜಿಲ್ಲೆಗೊಂದರಂತೆ ಇರುವ 'ಸಖಿ' ಕೇಂದ್ರದಲ್ಲಿ ಚಿಕಿತ್ಸೆ, ಆಪ್ತಸಮಾಲೋಚನೆ, ಪೊಲೀಸ್ ಮತ್ತು ವಕೀಲರ ನೆರವು ಒಂದೇ ಕಡೆ ಸಿಗುವ ವ್ಯವಸ್ಥೆಯಿದೆ, ಕೆಲವು ದಿನ ಉಳಿಯಲೂ ಜಾಗ ಕೊಡುತ್ತಾರೆ. ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಕಾಲೇಜಿನ ಹೆಸರೆತ್ತಿದರೆ ನಡುಕ ಬರುವುದು ತಿಂಗಳುಗಟ್ಟಲೆ ಇರಬಹುದು. ಅದಕ್ಕೆ ದುವಾ ಮಾಡಿ, ಜೊತೆಗೆ 14416ಕ್ಕೂ ಕರೆಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ದೂರು ಕೊಡಲು ಎರಡು ಬಾಗಿಲುಗಳಿವೆ. ಒಂದನ್ನು ತಟ್ಟಿದರೆ ಇನ್ನೊಂದು ಮುಚ್ಚಿಹೋಗುವುದಿಲ್ಲ.

ಮೊದಲನೆಯದು ಕಾಲೇಜಿನ ಆಂತರಿಕ ದೂರು ಸಮಿತಿ. 2013ರ ಕಾಯ್ದೆ ಮತ್ತು ಯುಜಿಸಿಯ 2015ರ ನಿಯಮಗಳ ಪ್ರಕಾರ ಪ್ರತಿ ಕಾಲೇಜು, ವಿಶ್ವವಿದ್ಯಾನಿಲಯದಲ್ಲೂ ಇದು ಇರಬೇಕು. ಹಿರಿಯ ಅಧ್ಯಾಪಕಿಯೇ ಅಧ್ಯಕ್ಷೆ, ಕನಿಷ್ಠ ಅರ್ಧದಷ್ಟು ಸದಸ್ಯರು ಮಹಿಳೆಯರು, ಹೊರಗಿನ ಸಂಸ್ಥೆಯ ಒಬ್ಬ ಸದಸ್ಯರು, ವಿದ್ಯಾರ್ಥಿಗಳ ವಿಷಯವಾದರೆ ಮೂವರು ವಿದ್ಯಾರ್ಥಿ ಪ್ರತಿನಿಧಿಗಳು. ಕುಲಪತಿ, ಕುಲಸಚಿವ, ವಿಭಾಗದ ಮುಖ್ಯಸ್ಥರು ಇದರಲ್ಲಿ ಕೂರುವಂತಿಲ್ಲ. ಆರೋಪ ಅವರ ಮೇಲೇ ಬರಬಹುದಲ್ಲ! ಹಾಸ್ಟೆಲ್, ಕ್ಯಾಂಟೀನ್, ಕಾಲೇಜಿನ ವಾಹನ ಎಲ್ಲವೂ ಕ್ಯಾಂಪಸ್ ಲೆಕ್ಕಕ್ಕೆ ಬರುತ್ತವೆ. ಸರ್ಕಾರಿ ಬಸ್ಸಿನಲ್ಲಿ ಹೊರಗಿನವನು ತೊಂದರೆ ಕೊಟ್ಟರೆ ಅದು ಪೊಲೀಸರ ವಿಷಯ.

ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಸರಿಯಾದ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಬರೆಯಲಾಗದಿದ್ದರೆ ಸಮಿತಿಯವರೇ ನೆರವಾಗಬೇಕು. ಅವಳ ಸ್ಥಿತಿ ಸರಿಯಿಲ್ಲದಿದ್ದರೆ ಸಂಬಂಧಿಕರು, ಗೆಳತಿಯರು ಅವಳ ಪರವಾಗಿ ಕೊಡಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಅಷ್ಟರವರೆಗೆ ಆ ಮೇಷ್ಟ್ರು ಅವಳ ಉತ್ತರಪತ್ರಿಕೆ ನೋಡದಂತೆ, ಹತ್ತಿರ ಸುಳಿಯದಂತೆ ಮಾಡಿ ಎಂದು ಕೇಳುವ ಹಕ್ಕು ಅವಳಿಗಿದೆ. ಇದನ್ನು ಕೇಳಲು ಮರೆಯಬೇಡಿ. ಸಾಕ್ಷಿ ಸಾಲದೆ ಹೋದರೆ ದೂರು ಸುಳ್ಳೆಂದು ಶಿಕ್ಷೆ ಕೊಡುವಂತಿಲ್ಲ. ಅವಳಾಗಿ ಬಯಸದೆ ರಾಜಿ ಮಾತು ಎತ್ತುವಂತಿಲ್ಲ, ದುಡ್ಡಿನ ರಾಜಿಯಂತೂ ಕಾಯ್ದೆಯಲ್ಲೇ ನಿಷಿದ್ಧ.

ಎರಡನೆಯದು ಪೊಲೀಸ್ ಠಾಣೆ. ತುರ್ತಿಗೆ 112. ಯಾವ ಠಾಣೆಗೆ ಹೋದರೂ ದೂರು ದಾಖಲಿಸಬೇಕು, ನಮ್ಮ ವ್ಯಾಪ್ತಿಯಲ್ಲ ಎನ್ನುವಂತಿಲ್ಲ. ಹೇಳಿಕೆಯನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು, ಎಫ್ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಸಂತ್ರಸ್ತೆಯ ಹೆಸರು, ಗುರುತು ಹೊರಹಾಕುವವರಿಗೆ ಎರಡು ವರ್ಷದವರೆಗೆ ಜೈಲು. ಮೊಹಲ್ಲಾದ ವಾಟ್ಸಾಪ್ ಗುಂಪಿನಲ್ಲಿ ಅನುಕಂಪದಿಂದ ಹಂಚಿಕೊಳ್ಳುವವರೂ ಇದನ್ನು ನೆನಪಿಡಲಿ. ಹುಡುಗಿಗೆ 18 ತುಂಬಿಲ್ಲದಿದ್ದರೆ ಪೋಕ್ಸೊ ಅನ್ವಯಿಸುತ್ತದೆ, ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಪಿಯುಸಿ ಮಕ್ಕಳ ತಂದೆತಾಯಿ ಇದನ್ನು ತಿಳಿದಿರಬೇಕು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ 15100ಕ್ಕೆ ಕರೆಮಾಡಿ ಕಾನೂನು ಸೇವಾ ಪ್ರಾಧಿಕಾರದ ನೆರವು ಪಡೆಯಬಹುದು, ಪರಿಹಾರಧನದ ಅರ್ಜಿಯೂ ಅಲ್ಲೇ.

ಇಜ್ಜತ್ ಉಳಿಸಲು ಜಮಾತಿನ ಹಿರಿಯರು ಕೂತು ತೀರ್ಮಾನ ಮಾಡೋಣ, ಅವನಿಗೇ ಕೊಟ್ಟು ನಿಕಾಹ್ ಮಾಡೋಣ ಎನ್ನುವ ಮಾತು ಬರುತ್ತದೆ. ಅತ್ಯಾಚಾರದ ಪ್ರಕರಣದಲ್ಲಿ ಅಂಥ ರಾಜಿಗೆ ಕಾನೂನಿನ ಬೆಲೆಯಿಲ್ಲ. ದೀನಿನ ಬೆಂಬಲವೂ ಇಲ್ಲ. ಪ್ರವಾದಿಯವರ ಕಾಲದಲ್ಲಿ ನಮಾಝಿಗೆ ಹೊರಟಿದ್ದ ಮಹಿಳೆಯೊಬ್ಬರ ಮೇಲೆ ದೌರ್ಜನ್ಯವಾದಾಗ ಅವರು ಕೂಗಿ ಜನರನ್ನು ಸೇರಿಸಿದರು, ನಡೆದದ್ದನ್ನು ಎಲ್ಲರೆದುರು ಹೇಳಿದರು. ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ಬರುವ ಆ ವರದಿಯಲ್ಲಿ ಆಕೆಗೆ ಶಿಕ್ಷೆಯಿಲ್ಲ, ಏಕೆ ಒಂಟಿಯಾಗಿ ಹೊರಟೆ ಎಂಬ ಗದರಿಕೆಯೂ ಇಲ್ಲ; ಹೋಗು, ಅಲ್ಲಾಹನು ನಿನ್ನನ್ನು ಕ್ಷಮಿಸಿದ್ದಾನೆ ಎಂದು ಹೇಳಿ ಕಳುಹಿಸಲಾಯಿತು.

ಮಗಳ ಕಾಲೇಜಿನ ಸಮಿತಿಯಲ್ಲಿ ಯಾರಿದ್ದಾರೆಂದು ಫಲಕದಲ್ಲಿ ಹಾಕಿರಬೇಕು. ಮುಂದಿನ ಪೋಷಕರ ಸಭೆಗೆ ಹೋದಾಗ ಆ ಫಲಕ ಎಲ್ಲಿದೆ ಎಂದು ಅಮ್ಮಿ ಅಬ್ಬಾ ಇಬ್ಬರೂ ಪ್ರಾಂಶುಪಾಲರನ್ನು ಕೇಳಿ, ಹೆಸರುಗಳನ್ನು ಬರೆದುಕೊಂಡು ಬನ್ನಿ.