ಪರದೇಶದ ವಿಜ್ಞಾನ ವ್ಯಾಸಂಗ: ಸಿದ್ಧತೆ ಎಂದಿನಿಂದ?

ಉಕ್ಕಡಂ ಪೆರಿಯಕುಳದ ಆಸುಪಾಸಿನಲ್ಲಿಯೂ ಕೊಯಮತ್ತೂರಿನ ಇತರ ಬೀದಿಗಳಲ್ಲಿಯೂ ನೆಲಸಿರುವ ನಮ್ಮ ಮನೆತನಗಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷು ಎಂಬ ಮೂರು ನುಡಿಗಳ ನಡುವೆ ಮಕ್ಕಳನ್ನು ಓದಿಸುತ್ತ ಬಂದಿವೆ. ವಿಜ್ಞಾನದ ಉನ್ನತ ವ್ಯಾಸಂಗಕ್ಕೆ ಪರದೇಶಕ್ಕೆ ಹೋಗಬೇಕೆಂಬ ಹಂಬಲ ಇಂದು ಈ ಮನೆಗಳಲ್ಲಿ ಅಪರೂಪವಲ್ಲ. ಆದರೆ ಪೋಷಕರು ಅದನ್ನು ಕುರಿತು ಯೋಚಿಸುವುದು ಬಹುಮಟ್ಟಿಗೆ ಪದವಿಯ ಕೊನೆಯ ವರ್ಷದಲ್ಲಿ. ಆಗ ಸಾಲವೊಂದೇ ದಾರಿಯೆಂದು ತಿಳಿದು ಮನೆಯನ್ನು ಒತ್ತೆಯಿಡಲು ಹೊರಡುವವರೂ ಉಂಟು. ಸಿದ್ಧತೆಯು ಮೊದಲನೆಯ ವರ್ಷದಲ್ಲಿಯೇ ಆರಂಭವಾಗಬೇಕೆಂಬುದು ನಮ್ಮ ಅಭಿಮತ.

ಮೊದಲು ವರ್ಷಗಳ ಲೆಕ್ಕ. ಹನ್ನೆರಡು ವರ್ಷದ ಶಾಲೆಗೆ ಮೂರು ವರ್ಷದ ಬಿ.ಎಸ್‌ಸಿ. ಸೇರಿದರೆ 15 ವರ್ಷಗಳಾದುವು. ಅಮೆರಿಕದ ಪದವಿಯು ನಾಲ್ಕು ವರ್ಷದ್ದಾದುದರಿಂದ ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು 16 ವರ್ಷಗಳ ವಿದ್ಯಾಭ್ಯಾಸವನ್ನು ಅಪೇಕ್ಷಿಸುತ್ತವೆ. ಆದಕಾರಣ ಇಲ್ಲಿಯೇ ಎಂ.ಎಸ್‌ಸಿ. ಮುಗಿಸುವುದು ಕಾಲಹರಣವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ನಾಲ್ಕು ವರ್ಷದ ಪದವಿಯೂ ಇದೆ.

ಹಿರಿಯರ ದಾರಿಯೂ ಇದೇ. ಸಿ.ಎನ್.ಆರ್. ರಾವ್ ಅವರು 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪಡೆದು, ಕಾಶಿಯಲ್ಲಿ ಎಂ.ಎಸ್‌ಸಿ. ಮಾಡಿ, ಆ ಬಳಿಕ ಪರ್ಡ್ಯೂ ವಿಶ್ವವಿದ್ಯಾಲಯದಿಂದ 1958ರಲ್ಲಿ ಡಾಕ್ಟರೇಟ್ ಪಡೆದರು. ನಮ್ಮೂರಿನ ಕೃಷಿ ಕಾಲೇಜಿನಲ್ಲಿ ಓದಿದ ಎಂ.ಎಸ್. ಸ್ವಾಮಿನಾಥನ್ ದೆಹಲಿಯಲ್ಲಿ ತಳಿಶಾಸ್ತ್ರವನ್ನು ಅಭ್ಯಸಿಸಿದ ಮೇಲೆಯೇ ಹಾಲೆಂಡಿಗೂ ಕೇಂಬ್ರಿಜ್ಜಿಗೂ ತೆರಳಿದರು. ಹೆಣ್ಣುಮಕ್ಕಳ ತಂದೆತಾಯಿಗಳು ಜಾನಕಿ ಅಮ್ಮಾಳರನ್ನು ನೆನೆಯಬೇಕು. 1931ರಲ್ಲಿಯೇ ಮಿಚಿಗನ್‌ನಿಂದ ಡಾಕ್ಟರೇಟ್ ಪಡೆದ ಆಕೆ ಮುಂದೆ ನಮ್ಮ ಕೊಯಮತ್ತೂರಿನ ಕಬ್ಬಿನ ತಳಿ ಸಂಸ್ಥೆಯಲ್ಲಿ ದುಡಿದರು.

ಎರಡನೆಯದು ವಿಷಯಗಳ ಆಯ್ಕೆ. ಮುಖ್ಯ ವಿಷಯದೊಡನೆ ಬರುವ ಅಲೈಡ್ ವಿಷಯವನ್ನು ಸುಲಭವೆಂಬ ಒಂದೇ ಕಾರಣಕ್ಕೆ ಆರಿಸಬಾರದು. ಭೌತಶಾಸ್ತ್ರಕ್ಕೆ ಗಣಿತ, ಜೀವಶಾಸ್ತ್ರಕ್ಕೆ ರಸಾಯನ ಹಾಗೂ ಸಂಖ್ಯಾಶಾಸ್ತ್ರ ಬೆನ್ನೆಲುಬು. ಓದಿದ ವರ್ಷದ ಪಠ್ಯಕ್ರಮದ ಪ್ರತಿಯನ್ನು ಜೋಪಾನವಾಗಿಡಬೇಕು. ಯಾವ ವಿಷಯದಲ್ಲಿ ಎಷ್ಟು ಕಲಿತಿರೆಂದು ವಿದೇಶದವರು ಕೇಳಿದಾಗ ಅದೇ ಸಾಕ್ಷಿ.

ಮೂರನೆಯದು ಪ್ರಯೋಗಶಾಲೆ. ಹಿಂದಿನವರ ರೆಕಾರ್ಡ್ ಪುಸ್ತಕವನ್ನು ನಕಲು ಮಾಡಿದವನಿಗೆ ಅಂಕ ಬರಬಹುದು, ವಿದ್ಯೆ ಬಾರದು. ಬೇಸಗೆಯಲ್ಲಿ ಸಂಶೋಧನೆ ಕಲಿಯಲು ವಿಜ್ಞಾನ ಅಕಾಡೆಮಿಗಳು ವಿದ್ಯಾರ್ಥಿವೇತನ ಕೊಡುತ್ತ ಬಂದಿವೆ. ಅರ್ಜಿಯೊಡನೆ ಸಾಮಾನ್ಯವಾಗಿ ಮೂವರು ಅಧ್ಯಾಪಕರ ಶಿಫಾರಸು ಪತ್ರಗಳು ಬೇಕು. ಹುಡುಗನ ಕೆಲಸವನ್ನು ಕಣ್ಣಾರೆ ಕಂಡವರು ಬರೆದ ಪತ್ರಕ್ಕೇ ತೂಕ.

ಕೊನೆಯದಾಗಿ ಹಣ. ಅಮೆರಿಕದಲ್ಲಿ ವಿಜ್ಞಾನದ ಪಿಎಚ್.ಡಿ.ಗೆ ಸೇರಿದವರಿಗೆ ಸಾಮಾನ್ಯವಾಗಿ ಶುಲ್ಕ ವಿನಾಯಿತಿಯೂ, ಬೋಧನೆ ಅಥವಾ ಸಂಶೋಧನೆಯ ಸಹಾಯಕ್ಕಾಗಿ ವೇತನವೂ ದೊರೆಯುತ್ತವೆ. ಮಾಸ್ಟರ್ಸ್ ಪದವಿಗೆ ಹೆಚ್ಚಾಗಿ ಸ್ವಂತ ಹಣವೇ ಬೇಕು. ಈ ಭೇದವನ್ನು ಅರಿಯದೆ ಮಧ್ಯವರ್ತಿಗಳ ಮಾತಿಗೆ ಒಪ್ಪಿ ರುಜು ಹಾಕಬಾರದು. ಮಗ್ಗದ ಮುಂದೆ ಕುಳಿತವರಿಗೆ ನಾವು ಹೇಳಬೇಕಾದುದಿಲ್ಲ: ಹಾಸು ಸರಿಯಿಲ್ಲದಿದ್ದರೆ ಹೊಕ್ಕು ಎಷ್ಟು ಬಣ್ಣದ್ದಾದರೇನು? ಪದವಿಯ ಮೂರು ವರ್ಷಗಳೇ ಆ ಹಾಸು.