ಪದುಮಳಿಗೆ ವಯಸ್ಸಾದ ಮೇಲೆ

ಮೆಚ್ಚಿದ ಪ್ರೇಮಕಥೆಯ ಮುಂದಿನ ಭಾಗ ಬರುತ್ತದೆಂದರೆ ಓದುಗರಿಗೆ ಆಸೆಯೂ ಹೌದು, ಅಳುಕೂ ಹೌದು. ಸುಖವಾಗಿದ್ದವರನ್ನು ಮತ್ತೆ ಯಾಕೆ ಕೆಣಕಬೇಕು? ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ವಿಷಯದಲ್ಲಿ ಈ ಅಳುಕು ಹಟವೇ ಆಗಿಬಿಟ್ಟಿತು. 1942ರ ‘ಮೈಸೂರು ಮಲ್ಲಿಗೆ’ಯ ದಂಪತಿ ಸದಾ ಹೊಸ ಮದುಮಕ್ಕಳಾಗಿಯೇ ಇರಬೇಕೆಂದು ನಾಡು ಬಯಸಿತು. ಬಯಸದೆ ಇರುವುದೂ ಕಷ್ಟವೇ. ಮಾವನ ಮನೆಗೆ ಬಂದ ರಾಯರ ಪದ್ಯ ನೋಡಿ: ಕೈಯಲ್ಲಿ ಬೆಳ್ಳಿ ಬಟ್ಟಲಿನ ಗಸಗಸೆ ಪಾಯಸವಿದ್ದರೂ ಕಣ್ಣು ಹುಡುಕುವುದು ಪದುಮಳನ್ನು. ಅವಳು ಒಳಗಿಲ್ಲವೆಂಬುದಷ್ಟೇ ಉತ್ತರ. ಮುಟ್ಟಿನ ಹೆಸರೆತ್ತದೆ ಕವಿ ಮನೆಮಂದಿಯ ಸಂಕೋಚವನ್ನೂ ಅಳಿಯನ ಮುನಿಸನ್ನೂ ಒಟ್ಟಿಗೇ ಹೇಳಿಬಿಡುತ್ತಾರೆ.

ಈ ಪ್ರೇಮಕಥೆಯ ಮುಂದಿನ ಭಾಗ ಎಲ್ಲಿದೆ? ಬಿಡಿ ಪದ್ಯಗಳಿಗೆ ಸ್ವಾತಂತ್ರ್ಯ ಚಳವಳಿಯ ಕಾಲದ ಕಥೆ ಹೆಣೆದು ಟಿ.ಎಸ್. ನಾಗಾಭರಣ ‘ಮೈಸೂರ ಮಲ್ಲಿಗೆ’ ಚಿತ್ರ ಮಾಡಿದರು. ಅದರ ಗೀತೆಗಳಿಗೆ ಕವಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ಸಿನಿಮಾ ಕೂಡಿಸಿದ್ದು ಘಟನೆಗಳನ್ನು, ವರ್ಷಗಳನ್ನಲ್ಲ. ವರ್ಷಗಳನ್ನು ಕೂಡಿಸಿದವರು ಕವಿಯೇ. 1952ರ ‘ಇರುವಂತಿಗೆ’ಯಲ್ಲಿ ಹೂವಿನ ಹೆಸರು ಉಳಿದಿತ್ತು, 1958ರ ‘ಶಿಲಾಲತೆ’ಯಲ್ಲಿ ಬಳ್ಳಿಯ ಜೊತೆ ಕಲ್ಲೂ ಬಂತು. ಬಳೆಗಾರ ಚೆನ್ನಯ್ಯನ ಬಾಯಲ್ಲಿ ತವರಿನ ಸುದ್ದಿ ಕೇಳಿದ ಕಾವ್ಯ ಈಗ ಪೇಟೆಯ ಗಡಿಯಾರದಂಗಡಿಯ ಮುಂದೆ ನಿಂತಿತು.

ಇವು ಬೇರೆ ಬೇರೆ ಕವನ ಸಂಕಲನಗಳು, ಇವನ್ನು ಮುಂದಿನ ಭಾಗವೆನ್ನುವುದು ಹೇಗೆ ಎಂದು ಕೇಳಬಹುದು. ‘ಮೈಸೂರು ಮಲ್ಲಿಗೆ’ಯೂ ಬಿಡಿ ಪದ್ಯಗಳ ಗೊಂಚಲೇ ತಾನೆ, ದಾರ ಹಾಕಿ ಕಟ್ಟಿದವರು ಓದುಗರು. ಅದೇ ದಾರವನ್ನು ಇನ್ನಷ್ಟು ಎಳೆಯಲು ಅಡ್ಡಿಯೇನು? ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಆಮೇಲಿನ ಪದ್ಯಗಳು ಮೊದಲಿನವುಗಳಷ್ಟು ನಾಲಿಗೆಯ ಮೇಲೆ ನಿಲ್ಲಲಿಲ್ಲ. ನಿಜ. ಆದರೆ ಹಾಡಿಕೊಳ್ಳಲು ಬಾರದ್ದನ್ನು ಬರೆಯುವ ಹಂತ ದಾಂಪತ್ಯಕ್ಕೂ ಬರುತ್ತದೆ. ಆಗಲೂ ಹಳೆಯ ರಾಗವನ್ನೇ ಎಳೆದಿದ್ದರೆ ಅದು ನಕಲಾಗುತ್ತಿತ್ತು. ‘ತೆರೆದ ಬಾಗಿಲು’ ಸಂಕಲನಕ್ಕೆ 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗಲೂ ಸಭೆಗಳಲ್ಲಿ ಮೊಳಗಿದ್ದು ಮಲ್ಲಿಗೆಯ ಹಾಡುಗಳೇ ಇರಬೇಕು!

ಪಕ್ಕದ ಪಾಂಡವಪುರ ತಾಲ್ಲೂಕಿನಲ್ಲಿ, ಮೇಲುಕೋಟೆಯ ಪು.ತಿ.ನ. ‘ಗೋಕುಲ ನಿರ್ಗಮನ’ದಲ್ಲಿ ಕೃಷ್ಣನನ್ನು ಊರಿನಿಂದಲೇ ಹೊರಡಿಸಿಬಿಟ್ಟರು. ಅಲ್ಲಿಗೆ ರಾಧೆ ಮುಪ್ಪಿನಿಂದ ಪಾರಾದಳು. ಕಿಕ್ಕೇರಿಯ ಕವಿ ತಮ್ಮ ದಂಪತಿಗೆ ಆ ಅನುಕೂಲ ಮಾಡಿಕೊಡಲಿಲ್ಲ. 1993ರಲ್ಲಿ, ಎಪ್ಪತ್ತೆಂಟರ ವಯಸ್ಸಿನಲ್ಲಿ, ಇನ್ನೊಂದು ಸಂಕಲನ ತಂದು ಅದಕ್ಕೆ ‘ದುಂಡುಮಲ್ಲಿಗೆ’ ಎಂದು ಹೆಸರಿಟ್ಟರು.