ಅರ್ಧಕ್ಕೆ ಬಿಟ್ಟು ಬಂದವರ ಪರವಾಗಿ ಒಂದು ಮಾತು

ಜಯನಗರದ ನಮ್ಮ ಬೆಳಗಿನ ವಾಯುವಿಹಾರದ ಗುಂಪಿನಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಪ್ರಾಧ್ಯಾಪಕರು, ಎಂಜಿನಿಯರುಗಳು ಇದ್ದಾರೆ. ರಾಜಕೀಯ ಮತ್ತು ಮಂಡಿನೋವಿನ ನಂತರ ಮಾತು ಸಹಜವಾಗಿಯೇ ವಿದೇಶದಲ್ಲಿರುವ ಮಕ್ಕಳತ್ತ ಹೊರಳುತ್ತದೆ. ಯಾರು ಎಲ್ಲಿಗೆ ಹೋದರು, ಸಂಬಳವೆಷ್ಟು, ಮನೆ ಕೊಂಡರೇ ಎಂಬುದೆಲ್ಲ ಎಲ್ಲರಿಗೂ ಕಂಠಪಾಠ. ಅವಧಿಗೆ ಮೊದಲೇ ಕೆಲಸ ಬಿಟ್ಟು ಮರಳಿದವರ ವಿಷಯವನ್ನು ಮಾತ್ರ ಯಾರೂ ಎತ್ತುವುದಿಲ್ಲ. ನಾನೂ ಎತ್ತುತ್ತಿರಲಿಲ್ಲ. ನನ್ನ ತಂಗಿಯ ಮಗಳೇ ಹಾಗೆ ಮರಳಿ ಬಂದ ಮೇಲೆ ಈ ಮೌನ ಸರಿಯಲ್ಲವೆನಿಸಿತು.

ಆಕೆ ಇಂಗ್ಲಿಷ್ ಎಂ.ಎ., ಬಿ.ಇಡಿ. ಬನಶಂಕರಿಯ ಒಂದು ಖಾಸಗಿ ಶಾಲೆಯಲ್ಲಿ ಆರು ವರ್ಷ ಪಾಠ ಹೇಳಿದವಳು. 2025ರ ಜನವರಿಯಲ್ಲಿ ಎರಡು ವರ್ಷದ ಒಪ್ಪಂದದ ಮೇಲೆ ಮಾಲ್ಡೀವ್ಸ್‌ನ ಒಂದು ಪುಟ್ಟ ದ್ವೀಪದ ಶಾಲೆಗೆ ಇಂಗ್ಲಿಷ್ ಶಿಕ್ಷಕಿಯಾಗಿ ಹೋದಳು. ಇದರಲ್ಲಿ ವಿಶೇಷವೇನೂ ಇಲ್ಲ. ಸುಮಾರು 1,190 ದ್ವೀಪಗಳ ಆ ದೇಶದಲ್ಲಿ ಜನವಸತಿ ಇರುವುದು ಇನ್ನೂರಕ್ಕೂ ಕಡಿಮೆ ದ್ವೀಪಗಳಲ್ಲಿ. 1960ರ ದಶಕದಿಂದ ಇಂಗ್ಲಿಷ್ ಮಾಧ್ಯಮವನ್ನು ಅಪ್ಪಿಕೊಂಡ ಆ ಶಾಲೆಗಳಿಗೆ ಭಾರತ ಮತ್ತು ಶ್ರೀಲಂಕಾದ ಶಿಕ್ಷಕರು ದಶಕಗಳಿಂದ ಆಧಾರವಾಗಿದ್ದಾರೆ. ಅದಕ್ಕೂ ಹಿಂದೆ ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದ ಇಥಿಯೋಪಿಯಾದಲ್ಲಿ ಭಾರತೀಯ ಶಿಕ್ಷಕರು ಊರೂರಿಗೆ ಹೋಗಿ ಕಲಿಸಿದ್ದರು. ಪರದೇಶದಲ್ಲಿ ಮೇಷ್ಟ್ರಾಗುವುದು ನಮ್ಮ ಮಧ್ಯಮವರ್ಗಕ್ಕೆ ಹೊಸದಲ್ಲ.

ಹೊರಡುವ ಮೊದಲು ಒಪ್ಪಂದದ ಪ್ರತಿಯನ್ನು ನನ್ನ ಮುಂದಿಟ್ಟು, ‘ಮಾವ, ಒಮ್ಮೆ ನೋಡಿಬಿಡಿ’ ಎಂದಿದ್ದಳು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳನ್ನು ನೋಡಿದವನು ನಾನು. ಸಹಿ, ಮೊಹರು, ಅವಧಿ, ರಜೆ, ವಸತಿ ಎಲ್ಲವನ್ನೂ ಪರಿಶೀಲಿಸಿ ‘ಸರಿಯಾಗಿದೆ’ ಎಂದೆ. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನು ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ಸಂಬಳ ಯಾವ ನಾಣ್ಯದಲ್ಲಿ, ಅದನ್ನು ಊರಿಗೆ ಕಳುಹಿಸಲು ಆಗುತ್ತದೆಯೇ?

ಸಂಬಳ ರುಫಿಯಾದಲ್ಲಿತ್ತು, ತಿಂಗಳಿಗೆ ಸುಮಾರು 15 ಸಾವಿರ. ಡಾಲರ್‌ಗೆ 15.42 ರುಫಿಯಾ ಎಂಬ ಅಧಿಕೃತ ದರದಲ್ಲಿ ಲೆಕ್ಕ ಹಾಕಿದರೆ ಎಂಬತ್ತು ಸಾವಿರ ರೂಪಾಯಿ ಮೀರುತ್ತದೆ. ಕಾಗದದ ಮೇಲೆ ಇದು ಸೊಗಸಾದ ಲೆಕ್ಕ. ಆದರೆ ಮಾಲ್ಡೀವ್ಸ್ ಡಾಲರ್ ಕೊರತೆಯಿಂದ ಬಳಲುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಭಾರತವೇ 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿಗಳ ಕರೆನ್ಸಿ ವಿನಿಮಯ ವ್ಯವಸ್ಥೆಯ ಮೂಲಕ ನೆರವಿಗೆ ನಿಂತಿತ್ತು. ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದಿ ಗೆಳೆಯರೊಂದಿಗೆ ಚರ್ಚಿಸಿದ್ದ ನಾನು, ಮೂರು ತಿಂಗಳ ನಂತರ ಕೈಗೆ ಬಂದ ಒಪ್ಪಂದಕ್ಕೂ ಅದಕ್ಕೂ ಸಂಬಂಧವಿದೆ ಎಂದು ಯೋಚಿಸಲಿಲ್ಲ.

ಡಾಲರ್ ಇಲ್ಲದ ದೇಶದಲ್ಲಿ ಬ್ಯಾಂಕುಗಳು ಹಣ ರವಾನೆಗೆ ಮಿತಿ ಹಾಕುತ್ತವೆ. ಆಕೆಯ ಬ್ಯಾಂಕಿನಲ್ಲಿ ಮೊದಲು ತಿಂಗಳಿಗೆ 400 ಡಾಲರ್ ಕಳುಹಿಸಬಹುದಾಗಿತ್ತು. ಅಕ್ಟೋಬರ್ ಕೊನೆಯಲ್ಲಿ ಅದು 150 ಡಾಲರ್‌ಗೆ, ಎಂದರೆ ಸುಮಾರು 13 ಸಾವಿರ ರೂಪಾಯಿಗೆ ಇಳಿಯಿತು. ಇಲ್ಲಿ ಏಜೆನ್ಸಿಗೆ ಕೊಡಲೆಂದು ಮಾಡಿದ ಸಾಲದ ಕಂತೇ 11 ಸಾವಿರ. ಉಳಿದ ಎರಡು ಸಾವಿರದಲ್ಲಿ ನನ್ನ ತಂಗಿಯ ಔಷಧಿ, ಮನೆ ಬಾಡಿಗೆ ಎಲ್ಲವೂ ಆಗಬೇಕು. ಕಾಳಸಂತೆಯಲ್ಲಿ ಡಾಲರ್ ಕೊಳ್ಳುವುದು ಕಾನೂನುಬಾಹಿರ, ಜೊತೆಗೆ ದುಬಾರಿ. ದುಡಿದ ಹಣ ಖಾತೆಯಲ್ಲಿ ಬೆಳೆಯುತ್ತಿತ್ತು, ಮನೆಯಲ್ಲಿ ಸಾಲ ಬೆಳೆಯುತ್ತಿತ್ತು.

ಇಲ್ಲಿ ಓದುಗರು ಒಂದನ್ನು ಗಮನಿಸಬೇಕು. ಆ ಶಾಲೆ ಒಪ್ಪಂದವನ್ನು ಮುರಿಯಲಿಲ್ಲ. ಪ್ರತಿ ತಿಂಗಳೂ ತಪ್ಪದೆ ಸಂಬಳ ಕೊಟ್ಟಿತು, ಸಹೋದ್ಯೋಗಿಗಳು ಆದರದಿಂದ ನಡೆಸಿಕೊಂಡರು. ಯಾರೂ ತಪ್ಪು ಮಾಡದೆಯೂ ಒಂದು ಒಪ್ಪಂದ ಟೊಳ್ಳಾಗಬಹುದು. ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವೆ. ಈ ಬೆಟ್ಟ ಹತ್ತಿರದಿಂದಲೂ ನುಣ್ಣಗೇ ಇತ್ತು, ಅಲ್ಲಿಂದ ಏನನ್ನೂ ಹೊತ್ತು ತರುವಂತಿರಲಿಲ್ಲ, ಅಷ್ಟೆ.

ನವೆಂಬರ್‌ನ ಒಂದು ರಾತ್ರಿ ಫೋನ್ ಮಾಡಿ ವಾಪಸು ಬರುವ ಮಾತೆತ್ತಿದಾಗ ನಾನು ಗದರಿಸಿದೆ. ‘ಸಹಿ ಹಾಕಿದ ಮೇಲೆ ಮುಗಿಸಿಕೊಂಡೇ ಬರಬೇಕಮ್ಮ. ಕೊಟ್ಟ ಮಾತಿಗೆ ಬೆಲೆ ಇಲ್ಲವೇ?’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಕೆ ಹೇಳಿದಳು: ‘ಮಾವ, ಈ ಮಾತನ್ನು ನೀವು ನನಗೆ ಹೇಳುತ್ತಿದ್ದೀರೋ, ನಿಮ್ಮ ವಾಕಿಂಗ್ ಸ್ನೇಹಿತರಿಗೆ ಹೇಳುತ್ತಿದ್ದೀರೋ?’ ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ನಿದ್ದೆಯೂ ಬರಲಿಲ್ಲ.

ಹಾಗೆಂದು ಕೊಟ್ಟ ಮಾತಿಗೆ ಬೆಲೆ ಇಲ್ಲವೆಂದಲ್ಲ. ಆಕೆಯ ತರಗತಿಯಲ್ಲಿ ಬ್ರಿಟನ್ನಿನ ಮಂಡಳಿಯ ಓ-ಲೆವೆಲ್ ಪರೀಕ್ಷೆಗೆ ಸಿದ್ಧರಾಗುತ್ತಿದ್ದ ಮಕ್ಕಳಿದ್ದರು. ಹಿಂದಿನ ವರ್ಷ ಅದೇ ಶಾಲೆಯಿಂದ ಒಬ್ಬ ಶಿಕ್ಷಕರು ರಜೆಗೆಂದು ಊರಿಗೆ ಹೋದವರು ಮರಳಲೇ ಇಲ್ಲವಂತೆ. ನಗರದಲ್ಲಾದರೆ ವಾರದೊಳಗೆ ಬದಲಿ ಶಿಕ್ಷಕರು ಸಿಗುತ್ತಾರೆ. ದ್ವೀಪದಲ್ಲಿ ಮಕ್ಕಳು ತಿಂಗಳುಗಟ್ಟಲೆ ಕಾಯಬೇಕು. ಹೇಳದೆ ಕೇಳದೆ ಹೊರಟುಹೋಗುವವರು ಆ ಮಕ್ಕಳಿಗೂ ಮುಂದೆ ಅಲ್ಲಿಗೆ ಹೋಗುವ ಭಾರತೀಯರಿಗೂ ಅನ್ಯಾಯ ಮಾಡುತ್ತಾರೆ. ನನ್ನ ಸೋದರಸೊಸೆ ಹಾಗೆ ಮಾಡಲಿಲ್ಲ. ಒಪ್ಪಂದದಲ್ಲಿದ್ದಂತೆ ಒಂದು ತಿಂಗಳ ನೋಟಿಸ್ ಕೊಟ್ಟಳು. ಸಂಜೆ ವಿಶೇಷ ತರಗತಿ ನಡೆಸಿ ಪಠ್ಯ ಮುಗಿಸಿದಳು, ಮುಂದೆ ಬರುವವರಿಗಾಗಿ ಪ್ರತಿ ಮಗುವಿನ ಬಗ್ಗೆ ಟಿಪ್ಪಣಿ ಬರೆದಿಟ್ಟಳು. ಅವಧಿ ಮುಗಿಯದ ಕಾರಣ ವಿಮಾನದ ಟಿಕೆಟ್ ಆಕೆಯ ಖರ್ಚಿನಲ್ಲೇ ಆಯಿತು. ಡಿಸೆಂಬರ್ ಕೊನೆಗೆ ಊರು ಸೇರಿದಳು.

ಆರ್ಥಿಕ ಚಿಂತಕ ಆಲ್ಬರ್ಟ್ ಹರ್ಷ್‌ಮನ್ 1970ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ, ಅತೃಪ್ತನಾದವನಿಗೆ ಇರುವುದು ಮುಖ್ಯವಾಗಿ ಎರಡು ದಾರಿ ಎಂದಿದ್ದರು: ದನಿ ಎತ್ತುವುದು ಅಥವಾ ಹೊರನಡೆಯುವುದು. ಒಂಟಿಯಾಗಿ ಪರದೇಶದಲ್ಲಿರುವ ಗುತ್ತಿಗೆ ಶಿಕ್ಷಕಿಗೆ ಮೊದಲ ದಾರಿ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಎರಡನೆಯದನ್ನು ನಾವು, ಎಂದರೆ ಮನೆಯವರು ಮತ್ತು ನೆರೆಹೊರೆಯವರು, ‘ಏನಾಯ್ತು, ಇಷ್ಟು ಬೇಗ?’ ಎಂಬ ಪ್ರಶ್ನೆಯಿಂದ ಮುಚ್ಚುತ್ತೇವೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹೊರಡುವ ಮುನ್ನ ಇಲ್ಲಿನ ಏಜೆನ್ಸಿ ಒಂದೂವರೆ ಲಕ್ಷ ರೂಪಾಯಿಯ ಜೊತೆಗೆ ಒಂದು ಬಾಂಡ್ ಮತ್ತು ಸಹಿ ಮಾಡಿದ ಖಾಲಿ ಚೆಕ್ಕನ್ನೂ ಪಡೆದಿತ್ತು. ಅವಧಿಗೆ ಮೊದಲು ಬಿಟ್ಟರೆ ಇನ್ನೊಂದು ಲಕ್ಷ ದಂಡವೆಂಬುದು ಅದರ ಷರತ್ತು. ಚೆಕ್ ಬ್ಯಾಂಕಿಗೆ ಹಾಕುತ್ತೇವೆಂಬ ಫೋನ್ ಕರೆಗಳು ಆರಂಭವಾದವು.

ಇಂಥ ಬಾಂಡುಗಳೆಲ್ಲ ಅಸಿಂಧುವೆಂದು ಭಾವಿಸುವುದು ತಪ್ಪು. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ ರಾಜೀನಾಮೆ ಕೊಟ್ಟ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ನೌಕರನ ಪರ ತೀರ್ಪು ನೀಡಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಎರಡು ಲಕ್ಷ ರೂಪಾಯಿಯ ಷರತ್ತನ್ನು ಎತ್ತಿಹಿಡಿಯಿತು. ಸಾರ್ವಜನಿಕ ಬ್ಯಾಂಕೊಂದು ಬಹಿರಂಗ ನೇಮಕಾತಿಗೆ ಸಾಕಷ್ಟು ವೆಚ್ಚ ಮಾಡಬೇಕಾಗುತ್ತದೆ ಎಂಬುದು ಅಲ್ಲಿದ್ದ ತರ್ಕ. ಆದರೆ 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ, ಷರತ್ತಿನಲ್ಲಿ ಬರೆದ ಮೊತ್ತವನ್ನು ಮೀರದಂತೆ ನ್ಯಾಯಯುತ ಪರಿಹಾರವನ್ನು ಮಾತ್ರ ಕೊಡಿಸುತ್ತದೆ. ನೇಮಕಾತಿಗೆ ತಾನು ಹಣ ಸುರಿದ ಬ್ಯಾಂಕೇ ಬೇರೆ, ಅಭ್ಯರ್ಥಿಯಿಂದಲೇ ಹಣ ಕಿತ್ತ ಏಜೆನ್ಸಿಯೇ ಬೇರೆ. ಆ ಕಚೇರಿಗೆ ಹೋಗಿ, ನಿಮಗಾದ ನಷ್ಟದ ಲೆಕ್ಕವನ್ನು ಬರಹದಲ್ಲಿ ಕೊಡಿ ಎಂದು ಕೇಳಿದೆ. ನೋಂದಣಿ ಪ್ರಮಾಣಪತ್ರವನ್ನೂ ಕೇಳಿದೆ. ನೋಂದಾಯಿತ ಏಜೆಂಟರೇ ಪಡೆಯಬಹುದಾದ ಸೇವಾಶುಲ್ಕಕ್ಕೆ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿ ಎಂಬ ಮಿತಿ ಇರುವುದನ್ನು ನೆನಪಿಸಿದೆ. ಎರಡು ದಿನದಲ್ಲಿ ಚೆಕ್ ವಾಪಸಾಯಿತು. ಒಂದೂವರೆ ಲಕ್ಷ ಮಾತ್ರ ಹೋದದ್ದು ಹೋಯಿತು.

ಇದರಲ್ಲಿ ನಾನು ಹೆಮ್ಮೆಪಡುವಂಥದ್ದೇನೂ ಇಲ್ಲ. ನಿವೃತ್ತ ಅಧಿಕಾರಿಯ ಸೊಸೆಗೆ ಸಿಕ್ಕ ನ್ಯಾಯ ಬಿಟಿಎಂ ಲೇಔಟಿನ ಪಿ.ಜಿ.ಯಲ್ಲಿದ್ದುಕೊಂಡು ಇದೇ ಕನಸು ಕಾಣುತ್ತಿರುವ ಹಾವೇರಿಯ ಹುಡುಗಿಗೆ ಸಿಗುತ್ತದೆಯೇ?

ನಮ್ಮ ವ್ಯವಸ್ಥೆಯಲ್ಲಿ ಒಂದು ವಿಚಿತ್ರವಿದೆ. 1983ರ ವಲಸೆ ಕಾಯ್ದೆಯಡಿ ರೂಪುಗೊಂಡ ವಲಸೆ ಪರಿಶೀಲನೆ ಮುಖ್ಯವಾಗಿ ಹತ್ತನೇ ತರಗತಿ ದಾಟದ ಕಾರ್ಮಿಕರನ್ನು, ಅದೂ ಗಲ್ಫ್ ಮೊದಲಾದ ನಿಗದಿತ ದೇಶಗಳಿಗೆ ಹೋಗುವವರನ್ನು ಗಮನದಲ್ಲಿಟ್ಟುಕೊಂಡದ್ದು. ಮಾಲ್ಡೀವ್ಸ್ ಆ ಪಟ್ಟಿಯಲ್ಲೇ ಇಲ್ಲ. ಓದಿದವರು ತಮ್ಮನ್ನು ತಾವು ಕಾಪಾಡಿಕೊಳ್ಳುತ್ತಾರೆ ಎಂಬುದು ಇದರ ಹಿಂದಿನ ನಂಬಿಕೆ. ಎಂ.ಎ. ಓದಿದ ಆಕೆಯೂ, ಎಂ.ಎ. ಓದಿದ ನಾನೂ ಸೇರಿ ಒಂದು ಸಾಲನ್ನು ಸರಿಯಾಗಿ ಓದಲಿಲ್ಲ.

ಕೇರಳ 1996ರಲ್ಲೇ ಅನಿವಾಸಿ ಕೇರಳೀಯರಿಗಾಗಿ ಪ್ರತ್ಯೇಕ ಇಲಾಖೆ ತೆರೆಯಿತು. ನಮ್ಮಲ್ಲೂ ಅನಿವಾಸಿ ಭಾರತೀಯ ಸಮಿತಿ ಇದೆ. ಹೂಡಿಕೆ, ಸಮ್ಮೇಳನಗಳ ಜೊತೆಗೆ, ಹೊರಡುವವರ ಒಪ್ಪಂದವನ್ನು ಓದಿ ಹೇಳುವ ಒಂದು ಸಣ್ಣ ಸಲಹಾ ಘಟಕವನ್ನು ಅದರಡಿ ತೆರೆದರೆ ದೊಡ್ಡ ಖರ್ಚಾಗದು. ಸಂಬಳದ ನಾಣ್ಯ ಯಾವುದು, ರವಾನೆಗೆ ಮಿತಿ ಇದೆಯೇ, ಮಧ್ಯದಲ್ಲಿ ಬಿಟ್ಟರೆ ಏನಾಗುತ್ತದೆ, ಏಜೆನ್ಸಿಗೆ ನೋಂದಣಿ ಇದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಅಲ್ಲಿ ಕೇಳಿದರೂ ಸಾಕು. ಹೋಗುವ ದಾರಿಯಷ್ಟೇ ಬರುವ ದಾರಿಯನ್ನೂ ಮೊದಲೇ ನೋಡಿಟ್ಟುಕೊಳ್ಳಬೇಕು.

ಆಕೆ ಈಗ ಜೆ.ಪಿ. ನಗರದ ಒಂದು ಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಸಾಲದ ಕಂತು ಇನ್ನೂ ಇದೆ. ಮೊನ್ನೆ ವಾಯುವಿಹಾರದಲ್ಲಿ ಸ್ನೇಹಿತರೊಬ್ಬರು, ‘ನಿಮ್ಮ ಸೊಸೆ ರಜೆಗೆ ಬಂದಿದ್ದಾಳಾ?’ ಎಂದು ಕೇಳಿದರು. ‘ಇಲ್ಲ, ಕೆಲಸ ಬಿಟ್ಟು ಬಂದಿದ್ದಾಳೆ’ ಎಂದೆ. ಅವರು ಕ್ಷಣಕಾಲ ಸುಮ್ಮನಿದ್ದರು. ನಂತರ ನಡಿಗೆ ನಿಧಾನಿಸಿ, ತಮ್ಮ ಮಗನ ವಿಷಯವನ್ನು ಮೊದಲ ಬಾರಿಗೆ ಹೇಳತೊಡಗಿದರು.